ಲಿವರ್ ಬೆಳೆಯುತ್ತೆ, ಕಿಡ್ನಿ ಯಾಕೆ ಬೆಳೆಯಲ್ಲ?

ಭ್ರೂಣದಲ್ಲಿ ಕಿಡ್ನಿ ಹೇಗೆ ರೂಪುಗೊಳ್ಳುತ್ತದೆ ಎಂದು ಹೇಳಲು ಹೊರಟರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಲಿವರ್ ಕತ್ತರಿಸಿದರೂ ಬೆಳೆಯುತ್ತಂತೆ, ಕಿಡ್ನಿ ಯಾಕೆ ಬೆಳೆಯಲ್ಲ?"

ಲಿವರ್‌ನಲ್ಲೂ ಕತ್ತರಿಸಿದ ಭಾಗ ಮತ್ತೆ ಚಿಗುರುವುದಿಲ್ಲ. ಉಳಿದ ಜೀವಕೋಶಗಳೇ ಹೆಚ್ಚಿ ಗಾತ್ರ ತುಂಬಿಕೊಡುತ್ತವೆ. ಕಿಡ್ನಿಯಲ್ಲಿ ಅಷ್ಟು ಸಾಲದು. ಅಲ್ಲಿ ಬೇಕಾಗಿರುವುದು ಇಡೀ ನೆಫ್ರಾನ್, ಅಂದರೆ ರಕ್ತ ಸೋಸುವ ಗಂಟು ಮತ್ತು ಅದರ ಉದ್ದನೆಯ ನಾಳ. ಅದನ್ನು ಕಟ್ಟುವ ಮೂಲ ಜೀವಕೋಶಗಳು ನಾವು ಹುಟ್ಟುವ ಹೊತ್ತಿಗೆ ಮುಗಿದುಹೋಗಿರುತ್ತವೆ.

ಗರ್ಭದ 5ನೇ ವಾರದ ಸುಮಾರಿಗೆ ಒಂದು ಕೊಳವೆಯ ಪಕ್ಕದಲ್ಲಿ ಸಡಿಲ ಜೀವಕೋಶಗಳ ಗುಂಪು ಇರುತ್ತದೆ. ಆ ಗುಂಪು ಜಿಡಿಎನ್‌ಎಫ್ ಎಂಬ ಪ್ರೋಟೀನ್ ಬಿಡುತ್ತದೆ. ಕೊಳವೆಯ ಜೀವಕೋಶಗಳ ಮೇಲಿರುವ ರೆಟ್ ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಆಗ ಕೊಳವೆಯಿಂದ ಮೊಗ್ಗೊಂದು ಗುಂಪಿನೊಳಗೆ ನುಗ್ಗಿ ಕವಲೊಡೆಯುತ್ತಾ ಹೋಗುತ್ತದೆ. ಜಿಡಿಎನ್‌ಎಫ್ ಇಲ್ಲದ ಇಲಿಮರಿಗಳು ಸಾಮಾನ್ಯವಾಗಿ ಕಿಡ್ನಿಯೇ ಇಲ್ಲದೆ ಹುಟ್ಟುತ್ತವೆ.

ಈಗ ಕವಲಿನ ಸರದಿ. ಅದು ವಿಂಟ್9ಬಿ ಎಂಬ ಸಂದೇಶ ಕಳಿಸುತ್ತದೆ. ಗುಂಪಿನ ಕೆಲವು ಜೀವಕೋಶಗಳು ಒಟ್ಟುಗೂಡಿ, ವಿಂಟ್4 ತಯಾರಿಸಿ, ಒಂದು ಟೊಳ್ಳು ಗುಂಡಾಗುತ್ತವೆ. ಗುಂಡು ಅಲ್ಪವಿರಾಮದ ಆಕಾರಕ್ಕೆ ಬಾಗುತ್ತದೆ, ಆಮೇಲೆ ಹಾವಿನಂತೆ ಎರಡು ಕಡೆ ಬಳುಕುತ್ತದೆ. ಅದರ ಒಂದು ತುದಿ ಸೋಸುವ ಗಂಟು, ಇನ್ನೊಂದು ತುದಿ ಕವಲಿಗೆ ಅಂಟುತ್ತದೆ. ನಡುವೆ ಯಾವ ಭಾಗ ಯಾವ ನಾಳವಾಗಬೇಕು ಎಂಬುದರಲ್ಲಿ ನಾಚ್ ಎಂಬ ಇನ್ನೊಂದು ಸಂಕೇತದ ಕೈವಾಡವಿದೆ.

ಹಾಗಾದರೆ ಎಲ್ಲ ಜೀವಕೋಶಗಳೂ ಒಟ್ಟಿಗೇ ಯಾಕೆ ನಾಳವಾಗುವುದಿಲ್ಲ? ನನಗೆ ತುಂಬಾ ಹಿಡಿಸಿದ ಭಾಗ ಇದು. ಸಿಕ್ಸ್2 ಎಂಬ ಜೀನ್ ಕೆಲವನ್ನು ತಡೆದಿಟ್ಟುಕೊಳ್ಳುತ್ತದೆ. ಇಲಿಯಲ್ಲಿ ಅದನ್ನು ತೆಗೆದರೆ ಎಲ್ಲವೂ ಆತುರದಲ್ಲಿ ನಾಳವಾಗಿ ದಾಸ್ತಾನು ಬೇಗ ಬರಿದಾಗುತ್ತದೆ. ಕಿಡ್ನಿ ಪುಟ್ಟದಾಗಿಯೇ ಉಳಿಯುತ್ತದೆ. ಸಿಕ್ಸ್2 ಇದ್ದರೂ ದಾಸ್ತಾನು ಖಾಲಿಯಾಗುವುದು ತಪ್ಪುವುದಿಲ್ಲ, ಸ್ವಲ್ಪ ತಡವಾಗುತ್ತದೆ ಅಷ್ಟೇ. ಮನುಷ್ಯರಲ್ಲಿ ಗರ್ಭದ 36ನೇ ವಾರದ ಹೊತ್ತಿಗೆ ಈ ಕೆಲಸ ಮುಗಿಯುತ್ತದೆ. ಒಂದು ಕಿಡ್ನಿಗೆ ಸರಾಸರಿ 10 ಲಕ್ಷದಷ್ಟು ನೆಫ್ರಾನ್, ಜನರಿಂದ ಜನರಿಗೆ ತುಂಬಾ ವ್ಯತ್ಯಾಸ.

"ಒಂದು ಕಿಡ್ನಿ ದಾನ ಕೊಟ್ಟವರಲ್ಲಿ ಇನ್ನೊಂದು ದೊಡ್ಡದಾಗುತ್ತಲ್ವಾ?" ಹೌದು, ಇದ್ದ ನೆಫ್ರಾನ್‌ಗಳೇ ದಪ್ಪವಾಗುತ್ತವೆ. ನಾಳದ ಗೋಡೆಗೆ ಪೆಟ್ಟಾದರೆ ಉಳಿದ ಜೀವಕೋಶಗಳು ರಿಪೇರಿಯನ್ನೂ ಮಾಡಬಲ್ಲವು. ಹೊಸ ನೆಫ್ರಾನ್ ಮಾತ್ರ ಬರುವುದಿಲ್ಲ. ಲ್ಯಾಬಿನಲ್ಲಿ ಕಾಂಡಕೋಶಗಳಿಗೆ (ಬೇರೆ ಬೇರೆ ಬಗೆಯ ಜೀವಕೋಶಗಳಾಗಬಲ್ಲ ಕೋಶಗಳು) ವಿಂಟ್ ಸಂಕೇತವನ್ನು ಎಬ್ಬಿಸುವ ರಾಸಾಯನಿಕ ಕೊಟ್ಟು ಪುಟ್ಟ ನಾಳಗಳನ್ನು ಬೆಳೆಸುತ್ತಾರೆ. ಆದರೆ ಅವುಗಳಿಗೆ ಸರಿಯಾದ ರಕ್ತ ಪೂರೈಕೆ, ಮೂತ್ರ ಹೊರಹೋಗುವ ದಾರಿ ಎರಡನ್ನೂ ಒದಗಿಸುವುದು ಇನ್ನೂ ದೊಡ್ಡ ತಲೆನೋವೇ.