ಗೌರಿಯ ಉಣುಗು, ಕೊಟ್ಟಿಗೆಯ ಗೋಡೆ

ನವರಾತ್ರಿ ಮುಗಿದಿತ್ತು, ಮಳೆ ಮಾತ್ರ ಹೋಗಿರಲಿಲ್ಲ. ಕೋಲಾರದ ಕಡೆ ಏಳು ವರ್ಷ ಗೋಡಾಕ್ಟ್ರಾಗಿದ್ದು, ಆಗಷ್ಟೇ ತೀರ್ಥಹಳ್ಳಿ ಕಡೆಗೆ ವರ್ಗವಾಗಿ ಬಂದಿದ್ದೆ. ಬೆಳಿಗ್ಗೆ ಒಬ್ಬ ಅಮ್ಮ ಫೋನ್ ಮಾಡಿದರು. "ಡಾಕ್ಟ್ರೇ, ನಮ್ಮನೆ ಗೌರಿ ಎರಡು ದಿನದಿಂದ ಅಕ್ಕಚ್ಚು ಮುಟ್ಟಿಲ್ಲ. ಕರು ಹಾಕಿ ಇಪ್ಪತ್ತು ದಿನ ಆಯ್ತಷ್ಟೆ."

ಹೋಗಿ ನೋಡಿದೆ. ಜೆರ್ಸಿ ಮಿಶ್ರತಳಿ. ಜ್ವರ 103.5. ಕಣ್ಣಿನ ರೆಪ್ಪೆ ಬಿಡಿಸಿದರೆ ಒಳಗೆ ಕಾಗದದಂತೆ ಬಿಳಿ, ಸ್ವಲ್ಪ ಹಳದಿ. "ಗಂಜಲ ಕಾಫಿ ಬಣ್ಣಕ್ಕೆ ತಿರುಗಿದೆಯಾ?" ಅಂದೆ. "ಇಲ್ಲ, ಯಾವತ್ತಿನ ಹಾಗೇ ಇದೆ" ಅಂದರು. ಸರಿ, ಕೆಂಪು ರಕ್ತಕಣ ಒಡೆಯುವ ಪರಾವಲಂಬಿ ಬೆಬೀಸಿಯಾ ಇರಲಿಕ್ಕಿಲ್ಲ ಅಂದುಕೊಂಡೆ. ಕಿವಿಯ ತುದಿಯ ರಕ್ತವನ್ನು ಸ್ಲೈಡಿಗೆ ಸವರಿಕೊಂಡು ಆಸ್ಪತ್ರೆಗೆ ಬಂದೆ.

ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು, ಎಣ್ಣೆ ಹನಿಸಿ, ಸಾವಿರ ಪಟ್ಟು ದೊಡ್ಡದಾಗಿಸಿ ನೋಡಬೇಕು. ಬೆಬೀಸಿಯಾ ಬೈಜೆಮಿನಾ ಆದರೆ ಕೆಂಪು ಕಣದೊಳಗೆ ಎರಡು ನೀರಹನಿಗಳ ಚೂಪು ತುದಿ ಅಂಟಿಸಿದಂತೆ ಜೋಡಿಯಾಗಿ ಕಾಣುತ್ತದೆ. ಕೆಂಪು ಕಣಕ್ಕೇ ನುಗ್ಗುವ ಇನ್ನೊಂದು ರೋಗಾಣು ಅನಾಪ್ಲಾಸ್ಮಾ, ಬೆಬೀಸಿಯಾದ ಜಾತಿಯೇ ಅಲ್ಲ, ಬ್ಯಾಕ್ಟೀರಿಯಾ. ತಟ್ಟೆಯ ಅಂಚಿಗೆ ಅಂಟಿದ ಸಾಸಿವೆಕಾಳಿನಂತೆ ಬರೀ ಚುಕ್ಕೆ. ಇಲ್ಲಿ ಎರಡೂ ಇರಲಿಲ್ಲ. ಸಣ್ಣ ಸಣ್ಣ ಕಡ್ಡಿ, ಅಲ್ಪವಿರಾಮದ ಗುರುತು, ಅಲ್ಲೊಂದು ಇಲ್ಲೊಂದು ಉಂಗುರ. ರಕ್ತಕಣದಲ್ಲಿ ಬದುಕುವ ಇನ್ನೊಂದು ಪರಾವಲಂಬಿ, ಥೈಲೇರಿಯಾ.

ಕೋಲಾರದಲ್ಲಿ ಥೈಲೇರಿಯಾ ಅಂದರೆ ಥೈಲೇರಿಯಾ ಆನ್ಯುಲೇಟಾ ಅನ್ನೋ ಒಂದೇ ಜಾತಿ, ಮುಗೀತು. ಅಲ್ಲಿ ಸೀಮೆಹಸುಗಳನ್ನು ಅದು ಎಷ್ಟು ಬೇಗ ಕೊಲ್ಲುತ್ತದೆ ಅಂತ ನೋಡಿದ್ದೇನೆ. ಯೋಚನೆಯನ್ನೇ ಮಾಡದೆ ಅಮ್ಮನಿಗೆ ಫೋನಿನಲ್ಲಿ ಪಾಠ ಒಪ್ಪಿಸಿದೆ. ಬುಪಾರ್ವಾಕ್ವೋನ್ ಇಂಜೆಕ್ಷನ್ ತರಿಸಿ, ದುಬಾರಿ ಆಗುತ್ತೆ. ಕೊಟ್ಟಿಗೆ ಗೋಡೆಯ ಬಿರುಕೆಲ್ಲ ಮುಚ್ಚಿಸಿ, ಈ ರೋಗ ಹರಡುವ ಉಣ್ಣೆ ಹುಳ ಅಲ್ಲೇ ಅಡಗಿರುತ್ತೆ.

ಸಂಜೆ ಇಂಜೆಕ್ಷನ್ ಕೊಡಲು ಹೋದಾಗ ಸುಮ್ನೆ ಅಭ್ಯಾಸಕ್ಕೆ ಹೆಗಲ ಮುಂದೆ ಕೈಯಾಡಿಸಿದೆ. ಆನ್ಯುಲೇಟಾ ಮೊದಲು ಬಿಳಿ ರಕ್ತಕಣಗಳಲ್ಲಿ ಮರಿ ಮಾಡುತ್ತದೆ, ಅದಕ್ಕೇ ಅಲ್ಲಿಯ ದುಗ್ಧಗ್ರಂಥಿ (ಲಿಂಫ್ ಗಂಟು) ಮೋಸಂಬಿಯಂತೆ ಊದಿಕೊಳ್ಳುತ್ತದೆ. ಗೌರಿಗೆ ಊತವೇ ಇಲ್ಲ! ಸೂಜಿ ಚುಚ್ಚಿ ಗ್ರಂಥಿಯ ರಸ ತೆಗೆದು ನೋಡಿದೆ. ಆನ್ಯುಲೇಟಾದಲ್ಲಿ ಕಾಣುವ ನೀಲಿ ಉಂಡೆಗಳು ಒಂದೂ ಸಿಗಲಿಲ್ಲ.

ಆ ಉಂಡೆಗಳಿಗೆ ರಾಬರ್ಟ್ ಕಾಖ್ ಅವರ ಹೆಸರಿದೆ. ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದವರು. ತಮಾಷೆ ಅಂದ್ರೆ, 1890ರ ದಶಕದ ಕೊನೆಯಲ್ಲಿ ಪೂರ್ವ ಆಫ್ರಿಕಾದ ದನಗಳ ರಕ್ತದಲ್ಲಿ ಥೈಲೇರಿಯಾ ನೋಡಿ, ಇದು ಬೆಬೀಸಿಯಾದ ಎಳೆಯ ರೂಪ ಅಂದುಕೊಂಡವರೂ ಅವರೇ. ಅದು ಬೇರೆಯದೇ ಜೀವಿ ಅಂತ ಆಮೇಲೆ ಬಿಡಿಸಿ ಹೇಳಿದವರು ಪಶುವೈದ್ಯ ಅರ್ನಾಲ್ಡ್ ಥೈಲರ್. ಅಂಥವರೇ ಎಡವಿದ್ದಾರೆ, ನಾನ್ಯಾವ ಲೆಕ್ಕ ಅಂತ ಆ ರಾತ್ರಿ ಸಮಾಧಾನ ಮಾಡಿಕೊಂಡೆ.

ಮರುದಿನ ಗೌರಿಯ ಕಿವಿಯೊಳಗಿಂದ ಎರಡು ಉಣುಗು ಕಿತ್ತು ಭೂತಗನ್ನಡಿಯಲ್ಲಿ ನೋಡಿದೆ. (ನಮ್ಮ ಉಣ್ಣೆಗೆ ಇಲ್ಲಿ ಉಣುಗು ಅನ್ನುತ್ತಾರೆ.) ಆನ್ಯುಲೇಟಾ ಹರಡುವ ಕೋಲಾರದ ಹಯಲೋಮ್ಮಾ ಉಣ್ಣೆ ದೊಡ್ಡದು, ಕಾಲಿಗೆ ಬಳೆ ತೊಟ್ಟಂತೆ ಬಿಳಿ ಪಟ್ಟೆಗಳಿರುತ್ತವೆ. ಇವು ಪುಟಾಣಿ, ಕಾಲಲ್ಲಿ ಬಳೆ ಇಲ್ಲ, ಮೂತಿ ಮೊಂಡ. ಹೀಮಾಫೈಸಾಲಿಸ್. ಮಂಗನ ಕಾಯಿಲೆ ಹರಡುವ ಉಣುಗಿನ ಬಳಗ. ಮಲೆನಾಡಿನವರಿಗೆ ಅದನ್ನು ಪರಿಚಯಿಸಬೇಕಿಲ್ಲ, 1957ರಿಂದ ಅದರ ಜೊತೆಗೇ ಬದುಕುತ್ತಿದ್ದಾರೆ. ಇವು ಹರಡುವುದು ಥೈಲೇರಿಯಾ ಓರಿಯಂಟಾಲಿಸ್. ಅದು ಮುಖ್ಯವಾಗಿ ಕೆಂಪು ಕಣಗಳಿಗೇ ಕೈ ಹಾಕುತ್ತದೆ, ಅದಕ್ಕೇ ಗೌರಿ ಅಷ್ಟು ಬಿಳಿಚಿಕೊಂಡಿದ್ದು. ಎಷ್ಟೋ ದನಗಳಲ್ಲಿ ಸುಮ್ಮನೆ ಮಲಗಿರುತ್ತದೆ, ಕರು ಹಾಕಿದ ಸುಸ್ತಿನಲ್ಲಿ ಎದ್ದು ಕೂರುತ್ತದೆ.

ಆದರೂ ಅನುಮಾನ ಬೇಡ ಅಂತ ರಕ್ತವನ್ನು ಐಸಿನಲ್ಲಿಟ್ಟು, ರೋಗಾಣುವಿನ ಡಿಎನ್ಎ ಗುರುತಿಸುವ ಪಿಸಿಆರ್ ಪರೀಕ್ಷೆಗೆ ಕಳಿಸಿದೆ. ಒಂಬತ್ತು ದಿನಕ್ಕೆ ವರದಿ ಬಂತು: ಓರಿಯಂಟಾಲಿಸ್. ಅಷ್ಟರಲ್ಲಿ ಇಂಜೆಕ್ಷನ್, ರಕ್ತ ಹೆಚ್ಚುವ ಔಷಧ, ಅಮ್ಮನ ಉಪಚಾರ ಸೇರಿ ಗೌರಿ ಅಕ್ಕಚ್ಚು ಕುಡಿಯುತ್ತಿದ್ದಳು.

ವರದಿ ತೋರಿಸಲು ಹೋದೆ. "ಔಷಧಿ ಅದೇ ಕೊಟ್ರಲ್ಲ, ಹೆಸರು ಯಾವುದಾದ್ರೆ ಏನು ಡಾಕ್ಟ್ರೇ?" ಅಂದರು ಮನೆಯ ಯಜಮಾನರು. ನ್ಯಾಯವಾದ ಪ್ರಶ್ನೆ. ಆನ್ಯುಲೇಟಾಕ್ಕೆ ಲಸಿಕೆ ಇದೆ, ಅದು ಇದಕ್ಕೆ ನಾಟುವುದಿಲ್ಲ ಅಂದೆ. ಇನ್ನೊಂದು ವಿಷಯ ಹೇಳಲು ಗಂಟಲು ಕಟ್ಟಿತು. ಹಯಲೋಮ್ಮಾ ಗೋಡೆಯ ಬಿರುಕಿನಲ್ಲಿ ಅಡಗುತ್ತದೆ, ನಿಜ. ಈ ಉಣುಗು ಬರುವುದು ದನ ಮೇಯುವ ಬ್ಯಾಣದಿಂದ, ಕಾಡಂಚಿನ ಹುಲ್ಲಿನಿಂದ. ಮೇಯಲು ಬಿಡುವ ಜಾಗ ನೋಡಿಕೊಳ್ಳಬೇಕು, ಸಂಜೆ ಬಂದಾಗ ಕಿವಿ, ಕೆಚ್ಚಲು ತಡಕಬೇಕು. ಗೋಡೆಗೂ ಇದಕ್ಕೂ ಸಂಬಂಧ ಅಷ್ಟಕ್ಕಷ್ಟೆ.

ಅಷ್ಟರಲ್ಲಿ ಅಮ್ಮ ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಮೂರು ದಿನ ಆಳು ಹಚ್ಚಿ ಮಣ್ಣಿನ ಗೋಡೆಯ ಒಂದೊಂದು ಬಿರುಕನ್ನೂ ಮೆತ್ತಿಸಿ, ಮೇಲೆ ಸುಣ್ಣ ಬಳಿಸಿದ್ದರು. ತಪ್ಪೊಪ್ಪಿಕೊಂಡೆ. ಅವರು ಒಂದು ಕ್ಷಣ ಗೋಡೆ ನೋಡಿದರು, ಗೌರಿಯನ್ನು ನೋಡಿದರು.

"ಹೋಗ್ಲಿ ಬಿಡಿ ಮಾರಾಯ್ರೇ, ದೀಪಾವಳಿಗೆ ಹೇಗೂ ಬಳಿಸಬೇಕಿತ್ತು."