ಹುಸಿ ಜೀನುಗಳ ಹೆರಿಗೆಮನೆ

ಡೊಂಬಿವಿಲಿಯಿಂದ ದಾದರಿನವರೆಗೆ ಮುಂಬಯಿ ಲೋಕಲ್ ರೈಲಿನಲ್ಲಿ ನಿಂತೇ ಬರುವವರಿಗೆ ಓದಲು ಬೇಕಾದಷ್ಟು ಸಮಯ. ಇಂದಿನ ಓದು ಹುಸಿ ಜೀನುಗಳದ್ದು: ಜೀನಿನ ನಕಲುಗಳೇ, ಆದರೆ ಸಾಮಾನ್ಯವಾಗಿ ಪ್ರೋಟೀನು ತಯಾರಿಸಲಾರವು. 1977ರಲ್ಲಿ ಕಪ್ಪೆಯ ಡಿಎನ್‌ಎಯಲ್ಲಿ ಮೊದಲು ಗುರುತಿಸಿದರು. ನಮ್ಮಲ್ಲಿ ಇಂಥವು 10,000ಕ್ಕೂ ಹೆಚ್ಚು!

ನನ್ನನ್ನು ಹಿಡಿದು ನಿಲ್ಲಿಸಿದ್ದು ನ್ಯಾನೋಗ್. ಭ್ರೂಣದ ಮೊದಲ ವಾರದಲ್ಲಿ, ದೇಹದ ಯಾವ ಭಾಗವಾದರೂ ಆಗಬಲ್ಲ ಕೋಶಗಳನ್ನು ಆ ಸ್ಥಿತಿಯಲ್ಲಿ ಉಳಿಸಲು ನೆರವಾಗುವ ಜೀನು ಅದು. ಮನುಷ್ಯರಲ್ಲಿ ಅದಕ್ಕೆ 11 ಹುಸಿ ನಕಲುಗಳು. ಇಷ್ಟೇಕೆ? ಮುಂದಿನ ಪೀಳಿಗೆಗೆ ದಾಟಬಲ್ಲ ಕೋಶಗಳಲ್ಲೇ ಅದು ದುಡಿಯುತ್ತದೆ. ಅದರ ಆರ್‌ಎನ್‌ಎ, ಅಂದರೆ ಜೀನಿನಿಂದ ಕೋಶ ಬರೆದುಕೊಳ್ಳುವ ಸಂದೇಶದ ಪ್ರತಿ, ಮರಳಿ ಡಿಎನ್‌ಎಯಾಗಿ ವರ್ಣತಂತುವಿನಲ್ಲಿ ಎಲ್ಲೋ ಸೇರಿಕೊಂಡರೆ, ಆ ನಕಲು ಮಕ್ಕಳು ಮೊಮ್ಮಕ್ಕಳವರೆಗೂ ಸಾಗುತ್ತದೆ. 11ರಲ್ಲಿ 10 ಹೀಗೆ ಬಂದವು. ಭ್ರೂಣದ ಆರಂಭವೇ ಇವುಗಳ ಹೆರಿಗೆಮನೆ ಎನ್ನಬೇಕು.

ಸುಮ್ಮನೆ ಕುಳಿತಿವೆಯೇ? ಎಲ್ಲವೂ ಅಲ್ಲ. ಗಡ್ಡೆ ಬೆಳೆಯದಂತೆ ತಡೆಯುವ ಪಿಟೆನ್ ಎಂಬ ಜೀನಿನ ಹುಸಿ ನಕಲೊಂದು, ಆ ಜೀನಿನ ಕೆಲಸವನ್ನು ತಗ್ಗಿಸುವ ಸಣ್ಣ ಆರ್‌ಎನ್‌ಎಗಳನ್ನು ತನ್ನತ್ತ ಸೆಳೆದು ಮೂಲ ಜೀನನ್ನು ಕಾಪಾಡುವುದು ಕ್ಯಾನ್ಸರ್ ಕೋಶಗಳಲ್ಲಿ 2010ರಲ್ಲಿ ತಿಳಿಯಿತು. ಹಾಗೆಂದು ಪ್ರತಿಯೊಂದಕ್ಕೂ ಹುದ್ದೆ ಹುಡುಕಿಕೊಡುವ ಉತ್ಸಾಹ ನನಗಿಲ್ಲ. ಹೆಚ್ಚಿನವು, ನಮ್ಮ ಬೋಗಿಯ ಕೆಲವು ಪ್ರಯಾಣಿಕರಂತೆ, ಟಿಕೆಟ್ ಇಲ್ಲದೆ ಹತ್ತಿದವೇ ಇರಬೇಕು.