ಜಾನ್ಸನ್ ಇದ್ದಿದ್ದರೆ

2025ರ ಮಾರ್ಚ್ 29, ಶನಿವಾರ ರಾತ್ರಿ. ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಫುಟ್‌ಬಾಲಿನ ಪ್ಲೇ ಆಫ್ ಪಂದ್ಯ, ಬೆಂಗಳೂರು ಎಫ್‌ಸಿ ಮುಂಬೈ ಸಿಟಿಯನ್ನು ಹಿಡಿದು ಬಡಿಯುತ್ತಿತ್ತು. ಒಂಬತ್ತನೇ ನಿಮಿಷಕ್ಕೇ ಸುರೇಶ್ ಗೋಲು ಹಾಕಿದ್ದ, ಆಮೇಲೆ ಒಂದರ ಹಿಂದೆ ಒಂದು, ಕೊನೆಗೆ 5-0. ಸುತ್ತ ಇದ್ದವರೆಲ್ಲ ಕುಣಿಯುತ್ತಿದ್ದಾರೆ. ನಾನು ಮಾತ್ರ ಮಧ್ಯದಲ್ಲೆಲ್ಲೋ ಮುಂಬೈಗೆ ಒಂದು ಕಾರ್ನರ್ ಸಿಕ್ಕಾಗ, ನಮ್ಮವರು ಬಾಲ್ ಕ್ಲಿಯರ್ ಮಾಡೋಕೆ ಅರ್ಧ ಕ್ಷಣ ತಡ ಮಾಡಿದರು ಅಂತ ಗೊಣಗಿದೆ: "ಜಾನ್ಸನ್ ಇದ್ದಿದ್ರೆ ಈ ಬಾಲ್ ಇಷ್ಟೊತ್ತಿಗೆ ಹಡ್ಸನ್ ಸರ್ಕಲ್‌ನಲ್ಲಿ ಬಿದ್ದಿರ್ತಿತ್ತು."

ಪಕ್ಕದಲ್ಲಿದ್ದ ಅಕ್ಕನ ಮಗ ತಿರುಗಿ ಕೇಳಿದ. "ಮಾಮ, ಯಾರು ಜಾನ್ಸನ್?"

ಅವನಿಗೆ ಹದಿಮೂರು. ಅವನ ತಪ್ಪಲ್ಲ. ಆದರೂ ನನಗೆ ಯಾರೋ ಹೊಟ್ಟೆಗೆ ಗುದ್ದಿದ ಹಾಗಾಯಿತು. ಐದು ವರ್ಷ ಈ ಊರಿನ ಡಿಫೆನ್ಸ್ ಕಾಯ್ದ ಮನುಷ್ಯ. ಇಂಗ್ಲೆಂಡಿನಿಂದ ಬಂದು, ನಮ್ಮ ಬಿಸಿಲು ಮಳೆ ಎರಡರಲ್ಲೂ ತಲೆ ಕೊಟ್ಟವನು. ಅವನ ಹೆಸರು ಈ ಸ್ಟ್ಯಾಂಡಿನಲ್ಲಿ ಕುಳಿತ ಹುಡುಗನಿಗೆ ಗೊತ್ತಿಲ್ಲ.

ಹಳೇ ತಂಡದ ಹುಚ್ಚು ಅಂದರೆ ಅದು ಕೋಲ್ಕತ್ತದವರಿಗೆ ಮೀಸಲು ಅಂದುಕೊಂಡಿದ್ದೆ. ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ, ಈಸ್ಟ್ ಬೆಂಗಾಲ್ 1920ರಲ್ಲಿ. ಅವರಿಗೆ ಅಜ್ಜ ಹೇಳಿದ ಕತೆ, ಮುತ್ತಜ್ಜ ನೋಡಿದ ಪಂದ್ಯ ಎಲ್ಲ ಇರುತ್ತೆ. ನಮ್ಮ ಕ್ಲಬ್ ಹುಟ್ಟಿದ್ದು 2013ರಲ್ಲಿ. ನನ್ನ ಮೊದಲ ಬೈಕಿಗಿಂತ ಚಿಕ್ಕದು. ಅದಕ್ಕೂ ಒಂದು "ಆ ಕಾಲ" ಅಂತ ಆಗಿಬಿಟ್ಟಿದೆ, ನಾವೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಿದ್ದೇವೆ. ನಗು ಬರುತ್ತೆ, ಆದರೆ ನಿಜ.

ಶುರುವಾದಾಗ ಯಾರಿಗೂ ನಮ್ಮ ಮೇಲೆ ಗೌರವ ಇರಲಿಲ್ಲ. ಕಂಪನಿ ಟೀಮು, ದುಡ್ಡು ಕೊಟ್ಟು ಆಗಿನ ದೇಶದ ದೊಡ್ಡ ಲೀಗಾದ ಐ-ಲೀಗ್‌ನಲ್ಲಿ ಸೀಟು ತಗೊಂಡವರು ಅಂತ ಹೀಯಾಳಿಸುತ್ತಿದ್ದರು. ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಅದೂ ಮೋಹನ್ ಬಗಾನ್ ಮೇಲೆ. ನಾನು ಹೋಗಿದ್ದು ಸುಮ್ನೆ, ಭಾನುವಾರ ಬೇರೆ ಕೆಲಸ ಇರಲಿಲ್ಲ ಅಂತ. ಶಾನ್ ರೂನಿ ಅಂತ ಒಬ್ಬ ಆಸ್ಟ್ರೇಲಿಯಾದವನು ಗೋಲು ಹೊಡೆದ, ಪಂದ್ಯ 1-1 ಆಯಿತು. ಹಿಂದೆ ಕುಳಿತಿದ್ದವನೊಬ್ಬ "ರೂನಿ ನಮ್ಮ ಟೀಮಲ್ಲೇ ಇದಾನೆ ಗುರು" ಅಂತ ಯಾರಿಗೋ ಫೋನ್ ಮಾಡಿ ಹೇಳುತ್ತಿದ್ದ. ಇದು ಇಂಗ್ಲೆಂಡಿನ ಆ ದೊಡ್ಡ ಸ್ಟಾರ್ ವೇನ್ ರೂನಿ ಅಲ್ಲ ಅಂತ ಮಾತ್ರ ಹೇಳಲಿಲ್ಲ.

ಆ ಸ್ಟೇಡಿಯಂ ನೋಡಿದವರಿಗೇ ಗೊತ್ತು. ಚಿಕ್ಕದು. ಗ್ಯಾಲರಿ ಮೈದಾನಕ್ಕೆ ಎಷ್ಟು ಹತ್ತಿರ ಅಂದರೆ ಬೂಟು ಬಾಲಿಗೆ ತಾಗುವ ಸದ್ದು ಕೇಳಿಸುತ್ತಿತ್ತು, ಗೋಲಿ ತನ್ನ ಬ್ಯಾಕ್‌ಗಳಿಗೆ ಬೈಯುವುದು ಕೇಳಿಸುತ್ತಿತ್ತು, ನಾವು ಬೈದಿದ್ದು ಅವರಿಗೂ ಕೇಳಿಸುತ್ತಿತ್ತು. ಕೃತಕ ಹುಲ್ಲು, ಯಾರಾದರೂ ಜಾರಿ ಟ್ಯಾಕಲ್ ಮಾಡಿದರೆ ಸಣ್ಣ ಕಪ್ಪು ರಬ್ಬರ್ ಚೂರುಗಳು ಎಳ್ಳು ಚೆಲ್ಲಿದ ಹಾಗೆ ಹಾರುತ್ತಿದ್ದವು. ಪಶ್ಚಿಮದ ಗ್ಯಾಲರಿಯಲ್ಲಿ ಒಂದಷ್ಟು ಹುಡುಗರು ಡ್ರಮ್ಮು ತಂದು ತೊಂಬತ್ತು ನಿಮಿಷ ನಿಂತೇ ಹಾಡುತ್ತಿದ್ದರು. ಅವರೇ ವೆಸ್ಟ್ ಬ್ಲಾಕ್ ಬ್ಲೂಸ್, ಹೆಸರು ಬಂದಿದ್ದೇ ಆ ಗ್ಯಾಲರಿಯಿಂದ. ಮಲಯಾಳಿ, ತಮಿಳು, ಮಣಿಪುರಿ, ಕನ್ನಡ, ಎಲ್ಲ ಕಲಸಿದ ಗುಂಪು. ಮೂರನೇ ಪಂದ್ಯದ ಹೊತ್ತಿಗೆ ನಾನೂ ಅಲ್ಲೇ ನಿಲ್ಲುತ್ತಿದ್ದೆ. ಗಂಟಲು ಕಟ್ಟಿ ಸೋಮವಾರ ಆಫೀಸಿನಲ್ಲಿ ಮಾತೇ ಹೊರಡುತ್ತಿರಲಿಲ್ಲ.

ಅಲ್ಲಿ ಒಬ್ಬರು ಹಿರಿಯರು ಬರುತ್ತಿದ್ದರು. ಆಸ್ಟಿನ್ ಟೌನ್ ಕಡೆಯವರು, ಹೆಸರು ಕೇಳಲೇ ಇಲ್ಲ, ಎಲ್ಲರೂ ಅಂಕಲ್ ಅಂತಲೇ ಕರೆಯುತ್ತಿದ್ದೆವು. ಪೇಪರಿನಲ್ಲಿ ಸುತ್ತಿದ ಕಡಲೆಕಾಯಿ, ಮಡಚಿದ ಕೊಡೆ. ನಾವು ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿಯನ್ನು ನೋಡಿ ಛೆಟ್ರಿ ಛೆಟ್ರಿ ಅಂತ ಕಿರುಚಿದಾಗೆಲ್ಲ ಅವರು ತಲೆ ಅಲ್ಲಾಡಿಸಿ ಶುರು ಮಾಡುತ್ತಿದ್ದರು. 1967-68, 68-69, ಎರಡು ವರ್ಷ ಸಾಲಾಗಿ ಮೈಸೂರು ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿದ್ದು ಗೊತ್ತೇನ್ರೋ? ಉಲಗನಾಥನ್ ಯಾರು ಗೊತ್ತೇನ್ರೋ? ಇದೇ ಊರಿನವನಪ್ಪಾ, 1970ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದ ಟೀಮಿನಲ್ಲಿ ಆಡಿದವನು. ಅರುಮೈನಾಯಗಂ? 62ರಲ್ಲಿ ಚಿನ್ನ. ಇನ್ನೂ ಹಿಂದೆ ಹೋದರೆ 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಬಾಂಬೆಗೆ ಹೋಗಿ ಬ್ರಿಟಿಷ್ ಪಲ್ಟನ್ನುಗಳ ಮಧ್ಯೆ ರೋವರ್ಸ್ ಕಪ್ ಎತ್ತಿತು, ಅಲ್ಲಿಯವರೆಗೆ ಯಾವ ಭಾರತೀಯ ತಂಡವೂ ಅದನ್ನು ಗೆದ್ದಿರಲಿಲ್ಲ, ಮುಂದಿನ ವರ್ಷ ಮತ್ತೆ ಇವರೇ. ಅದನ್ನಂತೂ ಅವರು ತಾವೇ ನೋಡಿದ ಹಾಗೆ ಹೇಳುತ್ತಿದ್ದರು. ಆಗ ಅವರು ಹುಟ್ಟಿಯೂ ಇರಲಿಲ್ಲ ಅನ್ನೋದು ನನ್ನ ಗುಮಾನಿ.

ನಾವು ಅವರ ಬೆನ್ನ ಹಿಂದೆ ನಗುತ್ತಿದ್ದೆವು. "ಆಯ್ತು ಅಂಕಲ್, ಆಮೇಲೆ" ಅಂತ ಕಡಲೆಕಾಯಿ ತಿಂದು ಜಾಗ ಖಾಲಿ ಮಾಡುತ್ತಿದ್ದೆವು.

ಆ ಸೀಸನ್‌ನಲ್ಲಿ ಗೆದ್ದೇಬಿಟ್ಟೆವು. 2014ರ ಏಪ್ರಿಲ್ 21, ಗೋವಾದ ಫತೋರ್ಡಾದಲ್ಲಿ ಡೆಂಪೋ ಮೇಲೆ 4-2. ಮೊದಲ ವರ್ಷವೇ ಚಾಂಪಿಯನ್! ಕೋಚ್ ಆಶ್ಲಿ ವೆಸ್ಟ್‌ವುಡ್, ಡಿಫೆನ್ಸಿನಲ್ಲಿ ಜಾನ್ಸನ್ ಜೊತೆ ಕೀನ್ಯಾದ ಕರ್ಟಿಸ್ ಒಸಾನೊ, ಮಿಡ್‌ಫೀಲ್ಡಿನಲ್ಲಿ ನಮ್ಮೂರ ಹುಡುಗ ಶಂಕರ್ ಸಂಪಂಗಿರಾಜ್, ಮುಂದೆ ರಾಬಿನ್ ಸಿಂಗ್, ಛೆಟ್ರಿ. ಸಂಪಂಗಿ ಅಂದಾಗ ನೆನಪಾಯಿತು. ಮುಂದೆ ನಮ್ಮ ಮನೆಯಾದ ಕಂಠೀರವ ಸ್ಟೇಡಿಯಂ ಇರೋದೂ ಹಳೇ ಸಂಪಂಗಿ ಕೆರೆಯ ಜಾಗದಲ್ಲೇ. ಜೋರು ಮಳೆ ಬಂದಾಗೆಲ್ಲ ಕೆರೆ ತನ್ನ ಜಾಗ ಕೇಳೋಕೆ ಬಂದಿದೆ ಅಂತ ನಾವು ತಮಾಷೆ ಮಾಡುತ್ತಿದ್ದೆವು.

ಈಗ ನಮ್ಮ ಹಳೇ ಗುಂಪು ಸೇರಿದಾಗ ಮೊದಲು ಬರುವ ಮಾತು ಆ ಕಪ್ಪಿನದು ಅಲ್ಲ. 2015ರ ಮೇ 31ರದು. ಸೋತಿದ್ದೂ ಅಲ್ಲ, ಡ್ರಾ.

ಐ-ಲೀಗ್‌ನ ಕೊನೇ ಪಂದ್ಯ, ಕಂಠೀರವದಲ್ಲಿ, ಮತ್ತೆ ಮೋಹನ್ ಬಗಾನ್. ನಾವು ಗೆದ್ದರೆ ಸಾಲಾಗಿ ಎರಡನೇ ಸಲ ಚಾಂಪಿಯನ್. ಅವರಿಗೆ ಡ್ರಾ ಸಾಕು. ಹದಿಮೂರು ವರ್ಷದಿಂದ ಲೀಗ್ ಗೆಲ್ಲದವರು ಅವರು, ಕೋಲ್ಕತ್ತದಿಂದ ರೈಲು ಹತ್ತಿ ಗುಂಪುಗುಂಪಾಗಿ ಬಂದಿದ್ದರು, ಹಸಿರು-ಮರೂನ್ ಬಾವುಟ ಹಿಡಿದು. ಮಳೆ. ಮೊದಲರ್ಧದಲ್ಲೇ ಜಾನ್ಸನ್ ಗೋಲು ಹಾಕಿದ. ನನ್ನ ಪಕ್ಕದಲ್ಲಿದ್ದವನು ಯಾರೋ ಗೊತ್ತಿಲ್ಲ, ಇಬ್ಬರೂ ಅಪ್ಪಿಕೊಂಡು ಒದ್ದೆ ಮೆಟ್ಟಿಲ ಮೇಲೆ ಬಿದ್ದೆವು, ಅವತ್ತು ಮೊಣಕೈ ತರಚಿದ ಗುರುತು ಇನ್ನೂ ಇದೆ. ಆಮೇಲೆ ನಿಮಿಷ ಎಣಿಸುವ ಕೆಲಸ. ಎಂಬತ್ತು. ಎಂಬತ್ತೈದು. ಯಾರೋ ಆಗಲೇ ಪಟಾಕಿ ಸಿಗುತ್ತಾ ಅಂತ ಕೇಳುತ್ತಿದ್ದ. ಅವನ ಬಾಯಿ ಮುಚ್ಚಿಸಿದೆವು. ಎಂಬತ್ತೇಳನೇ ನಿಮಿಷ, ಬಗಾನ್‌ಗೆ ಕಾರ್ನರ್. ಸೋನಿ ನಾರ್ಡೆ ಬಾಲ್ ತೇಲಿಸಿದ. ಬೆಲ್ಲೊ ರಝಾಕ್ ಎಲ್ಲರಿಗಿಂತ ಮೇಲೆ ಎದ್ದ.

ಅಷ್ಟು ಜನ ಇದ್ದ ಸ್ಟೇಡಿಯಂ ಅಷ್ಟು ಬೇಗ ಸುಮ್ಮನಾಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮಳೆ ತಗಡಿನ ಮೇಲೆ ಬೀಳುವ ಸದ್ದು, ಆ ಕಡೆ ಮೂಲೆಯಲ್ಲಿ ಬಂಗಾಳಿಗಳ ಕೂಗು, ಅಷ್ಟೇ.

ಮುಂದಿನ ವರ್ಷ, 2016ರ ಏಪ್ರಿಲ್ 17ರಂದು, ಗೋವಾದ ಸಾಲ್ಗಾಂವ್ಕರ್ ಮೇಲೆ 2-0 ಗೆದ್ದು ಲೀಗ್ ವಾಪಸ್ ತಂದರು. ಖುಷಿಯಾಯಿತು. ಆದರೆ ಆ ಪಂದ್ಯದಲ್ಲಿ ನಾನು ಯಾವ ಶರ್ಟು ಹಾಕಿದ್ದೆ ಅಂತ ಕೇಳಿದರೆ ನೆನಪಿಲ್ಲ. ಮೇ 31ರದು ನೆನಪಿದೆ, ಚಪ್ಪಲಿ ಸಮೇತ.

ನಮ್ಮ ಗುಂಪಿನಲ್ಲಿ ಖಾಯಂ ಜಗಳ ಒಂದಿದೆ. ನಿಜವಾದ ದೊಡ್ಡ ತಂಡ ಯಾವುದು? ವೆಸ್ಟ್‌ವುಡ್‌ನದಾ, ಆಮೇಲೆ ಬಂದ ಆಲ್ಬರ್ಟ್ ರೋಕನದಾ, ಅಥವಾ 2019ರಲ್ಲಿ ಐಎಸ್ಎಲ್ ಗೆದ್ದ ಕಾರ್ಲೆಸ್ ಕ್ವಾಡ್ರಾಟ್‌ನದಾ? ಆಟದ ಲೆಕ್ಕದಲ್ಲಿ ಮೂರನೆಯದೇ ಮೇಲು ಅಂತ ಒಪ್ಪುತ್ತೇನೆ. ಮಿಕು, ಡಿಮಾಸ್, ಉದಾಂತ, ಪಾಸು ಕೊಟ್ಟು ಪಾಸು ತಗೊಂಡು ಹೆಣೆದ ಹಾಗೆ ಆಡುತ್ತಿದ್ದರು. ಆದರೆ ನನ್ನ ವೋಟು 2016ರ ಅಕ್ಟೋಬರ್ 19ಕ್ಕೆ.

ಎಎಫ್‌ಸಿ ಕಪ್ ಸೆಮಿಫೈನಲ್, ಅಂದರೆ ಏಷ್ಯಾದ ಕ್ಲಬ್ಬುಗಳ ಟೂರ್ನಿ. ಎದುರಿಗೆ ಮಲೇಷ್ಯಾದ ಜೊಹೊರ್, ಹಿಂದಿನ ವರ್ಷದ ಚಾಂಪಿಯನ್ನರು. ಅಲ್ಲಿ 1-1 ಆಗಿತ್ತು. ಇಲ್ಲಿ ಶುರುವಲ್ಲೇ ಅವರು ಗೋಲು ಹಾಕಿದರು. ನಮ್ಮ ಮುಖ ಸಣ್ಣಗಾಯಿತು. ಹಾಫ್ ಟೈಮ್‌ಗೆ ಮುಂಚೆ ಲಿಂಗ್ಡೊ ಕಾರ್ನರ್ ಹಾಕಿದ, ಛೆಟ್ರಿ ತಲೆ ಕೊಟ್ಟ. ಐದೂವರೆ ಅಡಿ ಇರೋ ಮನುಷ್ಯ ಆ ಉದ್ದುದ್ದ ಡಿಫೆಂಡರುಗಳ ಮಧ್ಯೆ ಎಲ್ಲಿಂದ ಎದ್ದು ಬರುತ್ತಾನೋ ಇವತ್ತಿಗೂ ಅರ್ಥವಾಗಿಲ್ಲ. ಎರಡನೆಯದು ಬಾಕ್ಸಿನ ಆಚೆಯಿಂದ. ಬಾಲ್ ಅವನ ಕಾಲಿಗೆ ಬಂತು, ಒಂದು ಹೆಜ್ಜೆ ಹಾಕಿದ, ಹೊಡೆಯಲ್ಲ ಬಿಡು ಅಂದುಕೊಂಡೆ, ಹೊಡೆದ. ಬಲೆ ಉಬ್ಬಿದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು. ಮೂರನೆಯದು ಹುವಾನನ್, ತಲೆಯಿಂದ. 3-1. ಅಲ್ಲಿಯವರೆಗೆ ಯಾವ ಭಾರತೀಯ ಕ್ಲಬ್ಬೂ ಆ ಫೈನಲ್‌ಗೆ ಹೋಗಿರಲಿಲ್ಲ. ಪಂದ್ಯ ಮುಗಿದ ಮೇಲೆ ಆಟಗಾರರೆಲ್ಲ ಸ್ಟ್ಯಾಂಡಿನ ಮುಂದೆ ಬಂದು ಸಾಲಾಗಿ ನಿಂತರು. ನಾವು ಕೈ ಮೇಲೆತ್ತಿ ಒಟ್ಟಿಗೆ ತಟ್ಟಿದೆವು, ಅವರೂ ತಟ್ಟಿದರು. ಬುಧವಾರ ರಾತ್ರಿ, ಮರುದಿನ ಎಲ್ಲರಿಗೂ ಕೆಲಸ, ಯಾರೂ ಮನೆಗೆ ಹೋಗಲಿಲ್ಲ. ಕಸ್ತೂರ್ಬಾ ರಸ್ತೆಯ ಡಿವೈಡರ್ ಮೇಲೆ ಕೂತು ಹನ್ನೆರಡರವರೆಗೆ ಆ ಎರಡನೇ ಗೋಲನ್ನು ಒಬ್ಬೊಬ್ಬರೂ ತಮ್ಮ ತಮ್ಮ ಕಾಲಿನಲ್ಲಿ ಮಾಡಿ ತೋರಿಸಿದೆವು.

ದೋಹಾದ ಫೈನಲ್ ಸೋತೆವು, ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ, 1-0. ಗೋಲಿ ಅಮರಿಂದರ್ ಹಳದಿ ಕಾರ್ಡಿನ ಲೆಕ್ಕದಲ್ಲಿ ಹೊರಗೆ ಕೂರಬೇಕಾಗಿ ಬಂದಿದ್ದು ಇನ್ನೊಂದು ಹೊಟ್ಟೆಯುರಿ. ಹೋಗಲಿ ಬಿಡಿ.

ಐಎಸ್ಎಲ್‌ಗೆ, ಐ-ಲೀಗ್ ಬಿಟ್ಟು, ಹೋದ ಮೇಲೆ ಲೈಟು ಜಾಸ್ತಿಯಾಯಿತು, ಟಿವಿ ಜಾಸ್ತಿಯಾಯಿತು, ಟಿಕೆಟ್ ರೇಟೂ ಜಾಸ್ತಿಯಾಯಿತು. 2018ರ ಫೈನಲ್ ಇದೇ ಕಂಠೀರವದಲ್ಲಿ ಚೆನ್ನೈಯಿನ್ ಮೇಲೆ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು, ಆಮೇಲೆ ಮೈಲ್ಸನ್ ಆಲ್ವೆಸ್ ಎರಡು ಹೆಡರ್, ಎರಡೂ ಕಾರ್ನರ್‌ನಿಂದ. ಕಾರ್ನರ್‌ಗೂ ನಮಗೂ ಹಿಂದಿನ ಜನ್ಮದ ಸಾಲ ಏನೋ ಇದೆ. 2-3. ಮುಂದಿನ ವರ್ಷ ಮುಂಬೈಯಲ್ಲಿ ಗೋವಾ ಮೇಲೆ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಗೋಲು ಹಾಕಿ ಗೆಲ್ಲಿಸಿದ. ಅದೂ ಕಾರ್ನರ್‌ನಿಂದಲೇ, ಸಾಲದಲ್ಲಿ ಒಂದು ಕಂತು ತೀರಿತು. ಅಷ್ಟೊತ್ತಿಗೆ ಜಾನ್ಸನ್ ಕೋಲ್ಕತ್ತಕ್ಕೆ ಹೋಗಿಯಾಗಿತ್ತು. ಲಿಂಗ್ಡೊ, ವಿನೀತ್, ಒಸಾನೊ ಎಲ್ಲ ಯಾವತ್ತೋ ಹೋಗಿದ್ದರು. ಕಪ್ ಬಂತು, ಕುಣಿದೆ. ಆದರೆ ಬೇರೆ ಯಾರದೋ ಮನೆ ಮದುವೆಯಲ್ಲಿ ಕುಣಿದ ಹಾಗೆ. ಈ ಮಾತು ಹೇಳಿದರೆ ನನ್ನ ಸ್ನೇಹಿತರು ಬೈಯುತ್ತಾರೆ. ಗೆದ್ದರೂ ಅಳ್ತೀಯಲ್ಲೋ ಅಂತಾರೆ.

ಅಂಕಲ್ ಕಂಠೀರವಕ್ಕೆ ಬರಲೇ ಇಲ್ಲ. ಓಟದ ಟ್ರ್ಯಾಕ್ ಅಡ್ಡ ಇದೆ, ಆಟಗಾರರ ಮುಖ ಕಾಣಲ್ಲ ಅಂತ ಒಂದ್ಸಲ ಹೇಳಿದ್ದರು. 2023ರಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಅವರನ್ನು ಹುಡುಕಿಕೊಂಡು ಹೋಗಬೇಕು ಅನ್ನಿಸಿತು. ಹೆಸರೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಆ ಕಡಲೆಕಾಯಿ ತಿನ್ನುವಾಗ ಒಂದು ಮಾತು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಮತ್ತೆ ಆ ಮುಂಬೈ ಪಂದ್ಯದ ರಾತ್ರಿಗೆ ಬರ್ತೀನಿ. 5-0 ಆಗಿ, ಕುಣಿದು, ನಾವಿಬ್ಬರೂ ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ನೇರಳೆ ಲೈನ್ ಹತ್ತಿದೆವು. ಸೀಟಿಲ್ಲ. ಕಂಬ ಹಿಡಿದು ನಿಂತು ಅವನಿಗೆ ಜಾನ್ಸನ್ ಕತೆ ಶುರು ಮಾಡಿದೆ. ಒಸಾನೊ, ವೆಸ್ಟ್‌ವುಡ್, ಅಶೋಕನಗರ, ರಬ್ಬರ್ ಚೂರು. ಮೆಜೆಸ್ಟಿಕ್ ಬರುವಷ್ಟರಲ್ಲಿ ಅವನ ಕಣ್ಣು ಫೋನಿಗೆ ಹೋಗಿತ್ತು. "ಆಯ್ತು ಮಾಮ" ಅಂದ. ಆ ಧಾಟಿ ನನಗೆ ಚೆನ್ನಾಗಿ ಗೊತ್ತು.

ಬಾಯಿ ಮುಚ್ಚಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅವನು ಜಾನ್ಸನ್ ವಿಡಿಯೋನೇ ಹುಡುಕುತ್ತಿದ್ದಾನೆ. ಮೊದಲು ಸಿಕ್ಕಿದ್ದು ಮೇ 31ರದು. ಬೇಡ, ಬೇರೆ ಹಾಕು ಅನ್ನಬೇಕು ಅಂದುಕೊಂಡೆ, ಅನ್ನಲಿಲ್ಲ. ಜಾನ್ಸನ್ ಗೋಲು ಬಂತು. "ಸೂಪರ್ ಮಾಮ!" ಅಂದ. ಹುಡುಗನ ಮೇಲೆ ಪ್ರೀತಿ ಉಕ್ಕಿತು. ಆಮೇಲೆ ಕಾರ್ನರ್ ಬಂತು. ಹತ್ತು ವರ್ಷದಲ್ಲಿ ಎಷ್ಟು ಸಲ ನೋಡಿದ್ದೇನೋ, ಈ ಸಲವಾದರೂ ಬಾಲ್ ಬಾರಿನ ಮೇಲೆ ಹೋಗುತ್ತೇನೋ ಅಂತ ಕಾದೆ. ಬೆಲ್ಲೊ ಎದ್ದ. ಹೋಯಿತು.

ಹುಡುಗ ಅದನ್ನು ಹಿಂದಕ್ಕೆಳೆದು ಇನ್ನೊಂದು ಸಲ ನೋಡಿದ. ಆಮೇಲೆ ಮತ್ತೊಂದು ಸಲ, ನಿಲ್ಲಿಸಿ, ದೊಡ್ಡದು ಮಾಡಿ.

"ಮಾಮ, ಜಾನ್ಸನ್ ಇದ್ದಾನಲ್ಲ ಇಲ್ಲಿ?"

"ವಿಜಯನಗರ ಬಂತು, ಇಳಿ" ಅಂದೆ.